ಗೋಪುರಕ್ಕೆ ಬಂದ ಬೇಟೆಗಾರರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಇಂಗ್ಲೆಂಡಿನ ಡರ್ಬಿ ಕೆಥೆಡ್ರಲ್‌ನ (ಅಲ್ಲಿನ ದೊಡ್ಡ ಚರ್ಚು) ಪೆರೆಗ್ರಿನ್ ಫಾಲ್ಕನ್ ಅನ್ನುವ ಬೇಟೆ ಹಕ್ಕಿಯ ವಿಡಿಯೋ ನೋಡಿ ನೀನು ಕೇಳಿದ್ದು ಸರಿಯಾಗೇ ಇದೆ. ಪಾರಿವಾಳ ಕೊಂದು ತಿನ್ನುವ ಹಕ್ಕಿಗೆ ಚರ್ಚಿನವರು ಹೇಗೆ ಜಾಗ ಕೊಟ್ಟರು, ಓಡಿಸಬೇಕಿತ್ತಲ್ವಾ ಅಂತ. ಓಡಿಸುವುದಿರಲಿ, ಕರೆದು ಮಣೆ ಹಾಕಿದ್ದಾರೆ ಮಾರಾಯ! 2006ರಲ್ಲಿ ಗೋಪುರದ ಮೇಲೆ ಒಂದು ಅಟ್ಟಣೆ ಕೂರಿಸಿ, ಅದರಲ್ಲಿ ಸಣ್ಣ ಜಲ್ಲಿ ಹರಡಿದರು. ಮರುವರ್ಷ ಕ್ಯಾಮೆರಾ ಬಂತು.

ಈ ಜಲ್ಲಿಯ ವಿಷಯ ನನಗೆ ತುಂಬಾ ಇಷ್ಟ. ಪೆರೆಗ್ರಿನ್ ಗೂಡು ಕಟ್ಟುವುದಿಲ್ಲ. ಒಂದು ಕಡ್ಡಿ ಕೂಡ ತರುವುದಿಲ್ಲ. ನೆಲಕ್ಕೆ ಎದೆ ಊರಿ, ಕಾಲಿನಿಂದ ಹಿಂದಕ್ಕೆ ಕೆದರುತ್ತದೆ. ಅಷ್ಟು ಹೊತ್ತಿಗೆ ಒಂದು ಸಣ್ಣ ತಗ್ಗು ಆಗಿರುತ್ತದೆ. ಅಲ್ಲೇ ಮೂರೋ ನಾಲ್ಕೋ ಕೆಂಪು ಚುಕ್ಕೆಯ ಮೊಟ್ಟೆ. ಬರೀ ಕಲ್ಲಿನ ಮೇಲಿಟ್ಟರೆ ಉರುಳುತ್ತವೆ, ಇಲ್ಲವೇ ಮಳೆನೀರಿನಲ್ಲಿ ನೆನೆದು ಹಾಳಾಗುತ್ತವೆ. ಗೋಪುರದಲ್ಲಿ ಎತ್ತರ ಇತ್ತು, ಕೂರಲು ಅಂಚು ಇತ್ತು, ಸುತ್ತಮುತ್ತ ಊಟವೂ ಹಾರಾಡುತ್ತಿತ್ತು. ಇಲ್ಲದಿದ್ದದ್ದು ಕೆದರಲು ಜಾಗ ಮಾತ್ರ. ಇದು ದೇವರ ಮನೆ ಅಂತ ಆ ಹಕ್ಕಿಗೇನು ಗೊತ್ತು? ಅದಕ್ಕೆ ಇದು 65 ಮೀಟರ್ ಎತ್ತರದ ಕಡಿದಾದ ಬಂಡೆ, ಅಷ್ಟೇ.

ಈಗ ಇಷ್ಟು ಮುದ್ದು ಮಾಡುವ ಇದೇ ದೇಶ ಹಿಂದೆ ಮಾಡಿದ್ದನ್ನೂ ಕೇಳು. 1940ರಲ್ಲಿ, ಸೈನ್ಯದ ಸಂದೇಶ ಹೊತ್ತು ಬರುವ ಪಾರಿವಾಳಗಳನ್ನು ಹಿಡಿಯುತ್ತವೆ ಅಂತ, ಇವನ್ನು ಕೊಲ್ಲಲು ಸರ್ಕಾರವೇ ಆದೇಶ ಹೊರಡಿಸಿತ್ತು. ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ ಡಿಡಿಟಿ ಅನ್ನುವ ಕೀಟನಾಶಕದ ಕಾಲ ಶುರು. ಹೊಲಕ್ಕೆ ಹೊಡೆದ ವಿಷ ಸಣ್ಣ ಹಕ್ಕಿಗಳ ಹೊಟ್ಟೆ ಸೇರಿ, ಅಲ್ಲಿಂದ ಫಾಲ್ಕನ್ ಮೈಗೆ ಬಂತು. ಮೊಟ್ಟೆಯ ಚಿಪ್ಪು ತೆಳುವಾಯಿತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1967ರಲ್ಲಿ ಇದನ್ನು ಬಯಲಿಗೆ ತಂದವರು ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್. ಹೇಗೆ ಗೊತ್ತಾ? ಗೂಡುಗಳಿಂದ ಮೊಟ್ಟೆ ಎತ್ತಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟುಕೊಳ್ಳುವ ಚಟದವರು ಇದ್ದರಲ್ಲ, ಅವರ ಹಳೆಯ ಸಂಗ್ರಹದ ಚಿಪ್ಪುಗಳನ್ನು ಹೊಸವಕ್ಕೆ ಹೋಲಿಸಿ. ಅವರ ಕಳ್ಳತನವೂ ಒಂದು ಉಪಯೋಗಕ್ಕೆ ಬಂತು ನೋಡು. ಸಾಲಿಸ್‌ಬರಿ ಕೆಥೆಡ್ರಲ್‌ನಲ್ಲಿ 1953ರ ನಂತರ ಮತ್ತೆ ಮರಿ ಆಗಿದ್ದು 2014ರಲ್ಲಿ. ನಡುವಿನದೆಲ್ಲ ಖಾಲಿ.

ಪಾರಿವಾಳದ ಬಗ್ಗೆ ನಿನಗೆ ಅಯ್ಯೋ ಅನ್ನಿಸಿದೆ. ಆದರೆ ಡರ್ಬಿಯಲ್ಲಿ ಕೆಳಗೆ ಬಿದ್ದ ರೆಕ್ಕೆ, ಕಾಲುಗಳನ್ನು ಆರಿಸಿ ನೋಡಿದವರಿಗೆ ವುಡ್‌ಕಾಕ್, ಸ್ನೈಪ್‌ಗಳೂ ಸಿಕ್ಕಿವೆ. ಹಗಲು ಅಡಗಿ ಕೂತು, ರಾತ್ರಿ ವಲಸೆ ಹಾರುವ ಹಕ್ಕಿಗಳು ಇವು. ಅಂದರೆ ಫಾಲ್ಕನ್ ಕತ್ತಲಲ್ಲೂ ಬೇಟೆಯಾಡುತ್ತದೆ! ಹಗಲಿನಲ್ಲಾದರೆ ಮೇಲಿಂದ ಗಂಟೆಗೆ 300 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಎರಗುತ್ತದೆ. ರಾತ್ರಿ ಲೆಕ್ಕವೇ ಉಲ್ಟಾ. ಊರಿನ ದೀಪಗಳ ಬೆಳಕು ಹಾರುವ ಹಕ್ಕಿಯ ಹೊಟ್ಟೆಗೆ ಬಿದ್ದು ಅದು ಬೆಳ್ಳಗೆ ಕಾಣುತ್ತದೆ, ಇದು ಕೆಳಗಿಂದ ಏರಿ ಹಿಡಿಯುತ್ತದೆ. ತಿಂದು ಬಿಸಾಡಿದ್ದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡೂ ರೆಕ್ಕೆ ಹಾಗೇ ಇರುತ್ತವೆ, ನಡುವೆ ಎದೆಮೂಳೆ ಮಾತ್ರ, ಮಾಂಸ ಒಂದು ಚೂರೂ ಇಲ್ಲ.

ಚರ್ಚಿನವರಿಗೆ ತೊಂದರೆ ಇಲ್ಲ ಅಂತಲ್ಲ. ಕಲ್ಲಿನ ಮೇಲೆಲ್ಲ ಬಿಳಿ ಹಿಕ್ಕೆ. ಅಲ್ಲಿನ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಡಿನಲ್ಲಿರುವ ಪೆರೆಗ್ರಿನ್‌ಗೆ ಬೇಕೆಂದೇ ತೊಂದರೆ ಕೊಟ್ಟರೆ ಅಪರಾಧ. ಹಾಗಾಗಿ ಗೋಪುರದ ರಿಪೇರಿ ಇದ್ದರೂ ಮರಿ ಹಾರಿ ಹೋಗುವ ತನಕ ಕಾಯಬೇಕು. ಗಂಟೆಯ ಸದ್ದಿಗೆ ಹಕ್ಕಿಗಳೇ ಹೊಂದಿಕೊಂಡಿವೆ. ರಿಪೇರಿಗೆ ಜನರೂ ಸ್ವಲ್ಪ ಹೊಂದಿಕೊಳ್ಳಲಿ ಬಿಡು, ನನಗಂತೂ ಬೇಜಾರಿಲ್ಲ.

ನೀನು ಬರುವುದಾದರೆ ಜೂನ್‌ನಲ್ಲಿ ಬಾ. ಏಪ್ರಿಲ್‌ನಲ್ಲಿ ಸುಮ್ನೆ ಕಾವು ಕೂತಿರುತ್ತವೆ, ಅದನ್ನು ಕ್ಯಾಮೆರಾದಲ್ಲೇ ನೋಡಿಕೋ. ಮರಿಗೆ ಆರು ವಾರ ಆಗುತ್ತಿದ್ದಂತೆ ಹಾರಲು ಹೊರಡುತ್ತದೆ. ಕೆಲವು ಧೈರ್ಯ ಮಾಡಿ ಹಾರಿ ಸೀದಾ ರಸ್ತೆಗೇ ಇಳಿಯುವುದೂ ಉಂಟು. ಅಂಥವನ್ನು ಡಬ್ಬದಲ್ಲಿ ಹಾಕಿಕೊಂಡು, ಮೆಟ್ಟಿಲು ಹತ್ತಿ ವಾಪಸ್ ಮೇಲೆ ಬಿಟ್ಟು ಬರುತ್ತಾರೆ. ಬೈನಾಕ್ಯುಲರ್ ಮರೆಯಬೇಡ, ನನ್ನ ಹತ್ತಿರ ಇರುವುದು ಒಂದೇ.

ನಿನ್ನ ಗೆಳೆಯ