ಬಸುರಿಯ ಬಿಪಿ: ಸುಮ್ನೆ ಕೂರಬೇಡಿ

ಸಂಪಾದಕರೇ,

ನಮ್ಮ ಯಾದಗಿರಿ ಕಡೆ ಬಸುರಿಯ ಮುಖ, ಕೈ ಊದಿದರೆ ‘ಮೈ ತುಂಬಿಕೊಂಡಾಳ’ ಅಂತ ಖುಷಿಪಡುವವರೇ ಜಾಸ್ತಿ. ಕಾಲು ಸ್ವಲ್ಪ ಊದುವುದು ಸಾಮಾನ್ಯ, ನಿಜ. ಆದರೆ 20 ವಾರದ ನಂತರ ಮುಖ ದಿಢೀರನೆ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಇಲ್ಲವೇ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದು ಬಿಪಿ ಏರಿದ ಸೂಚನೆ ಇರಬಹುದು. ದೃಷ್ಟಿ ತೆಗೆಯುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಬಿಪಿ 140/90 ಮುಟ್ಟಿದರೆ ಮೂತ್ರ ಪರೀಕ್ಷೆಯೂ ಆಗಬೇಕು. 160/110 ಆಯಿತೋ, ತಡ ಮಾಡುವಂತೇ ಇಲ್ಲ, ಫಿಟ್ಸ್ ಬರಬಹುದು. ಹೆರಿಗೆ ಆಯ್ತಲ್ಲ ಅಂತ ಮರೆಯಬೇಡಿ, ಬಾಣಂತಿಗೂ ಈ ತೊಂದರೆ ಬರಬಹುದು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ತೊಗರಿ ರಾಶಿ ಹೊತ್ತಿಗೆ ಯಾರು ಹೋಗ್ತಾರೆ ಹೇಳಿ? ಬಿಪಿ ಯಂತ್ರ ಹಿಡಿದು ಆರೋಗ್ಯ ಇಲಾಖೆಯವರೇ ಹೊಲದ ಕಡೆ ಬರಲಿ.

ಒಬ್ಬ ಓದುಗ, ಶಹಾಪುರ