ಮಳೆಗಾಲದಲ್ಲೂ ಶ್ರುತಿ ಇಳಿಯದಂತೆ ನೋಡಿಕೊಂಡವರಿಗೆ

ತುಳುವರ ಆಟಿ ತಿಂಗಳು ಕಳೆದು ಸೋಣ ಬಂದಿದೆ. ಉಡುಪಿಯಲ್ಲಿ ಮಳೆಗಾಲದುದ್ದಕ್ಕೂ ನಡೆದ ನಮ್ಮ ಕರ್ನಾಟಕ ಸಂಗೀತ ಕಛೇರಿಗಳ ಸರಣಿ ಭಾನುವಾರ ಮಂಗಳ ಹಾಡಿ ಮುಗಿಯಿತು. ಹಾಡಿದವರಿಗೂ ನುಡಿಸಿದವರಿಗೂ ವೇದಿಕೆಯಲ್ಲೇ ಶಾಲು ಹೊದಿಸಿ ನಮಸ್ಕರಿಸಿದ್ದೇವೆ. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬಾರದವರಿಗಾಗಿ ಈ ನಾಲ್ಕು ಮಾತು.

ಮೊದಲ ನಮಸ್ಕಾರ ಮೃದಂಗದ ಮುಚ್ಚಿಗೆ, ಅಂದರೆ ಎರಡು ಬದಿಯ ಚರ್ಮದ ಹೊದಿಕೆ, ಕಟ್ಟಿಕೊಟ್ಟವರಿಗೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಚರ್ಮ ಗಾಳಿಯ ತೇವವನ್ನೆಲ್ಲ ಕುಡಿಯುತ್ತದೆ. ಕುಡಿದಷ್ಟೂ ಸಡಿಲ, ಸಡಿಲವಾದಷ್ಟೂ ಶ್ರುತಿ ಕೆಳಗೆ. ಬಲ ಮುಚ್ಚಿಗೆಯ ಅಂಚಿಗೆ ಮರದ ತುಂಡು ಕೊಟ್ಟು ಮೇಲಿನಿಂದ ಕಲ್ಲಲ್ಲಿ ಬಡಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಬಡಿದರೆ ಇಳಿಯುತ್ತದೆ. ಮುಚ್ಚಿಗೆಯನ್ನು ಬಿಗಿಯುವ ಚರ್ಮದ ಪಟ್ಟಿ, ಅಂದರೆ ಬಾರು, ಹಾಯುವ 16 ಕಡೆಯೂ ಒಂದೇ ನಾದ ಬರಬೇಕು. ಒಂದು ಕಡೆ ಕೂದಲೆಳೆಯಷ್ಟು ಇಳಿದಿದ್ದರೂ ಚಾಪು ಎಂಬ ಪೆಟ್ಟಿನ ನಾದ ಅಲೆಯುತ್ತದೆ. ಬಾರೇ ಸಡಿಲವಾಗಿದ್ದರೆ ಎಷ್ಟು ಬಡಿದರೂ ನಿಲ್ಲುವುದಿಲ್ಲ, ಬಾರು ಎಳೆಯಲೇಬೇಕು. ಇವರ ಹದ ಗೊತ್ತಾಗುವುದು ಅಲ್ಲೇ. ಒದ್ದೆ ಹವೆಗೆಂದು ಪೂರ್ತಿ ಬಿಗಿದ ಮುಚ್ಚಿಗೆ ಎಸಿ ಸಭಾಂಗಣಕ್ಕೆ ಬಂದು ಒಣಗಿದರೆ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಬಿರುಕು ಬಿಡಬಹುದು, ಚರ್ಮವೇ ಹರಿಯಬಹುದು. ಅದಕ್ಕೇ ಇವರು ಸ್ವಲ್ಪ ಉಳಿಸಿ ಎಳೆಯುತ್ತಿದ್ದರು. ಉಳಿದದ್ದನ್ನು ವೇದಿಕೆಯಲ್ಲಿ ಕಲ್ಲೇ ನೋಡಿಕೊಳ್ಳುತ್ತಿತ್ತು. ಹಾಡುವವರ ಶ್ರುತಿ ತಗ್ಗಿನ ಒಂದೋ ಎತ್ತರದ ಐದೋ ಎಂದು ವಾರ ಮೊದಲೇ ಕೇಳಿ, ತಗ್ಗು ಶ್ರುತಿಯದ್ದೂ ಹೆಚ್ಚು ಶ್ರುತಿಯದ್ದೂ ಬೇರೆ ಬೇರೆ ಮೃದಂಗ ಸಜ್ಜು ಮಾಡಿಟ್ಟವರೂ ಅವರೇ.

ಸಭಾಂಗಣದ ಕಾವಲುಗಾರರಿಗೆ ವಿಶೇಷ ವಂದನೆ. ಕಛೇರಿ 6 ಗಂಟೆಗಾದರೆ ಬಾಗಿಲು 4ಕ್ಕೇ ತೆರೆದಿರುತ್ತಿತ್ತು. ಹೊರಗಿನ ಹವೆಯಿಂದ ಬಂದ ವಾದ್ಯಕ್ಕೆ ಒಳಗಿನ ಹವೆ ಹಿಡಿಯುವವರೆಗೆ ಶ್ರುತಿ ಸೇರಿಸಿದ್ದೆಲ್ಲ ವ್ಯರ್ಥ. ವಯೊಲಿನ್ ಕಮಾನಿನ ಕುದುರೆಕೂದಲೂ ತೇವಕ್ಕೆ ಉದ್ದವಾಗಿ ಜೋಲುತ್ತದೆ, ತಂಬೂರದ ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗುವುದೇ ಇಲ್ಲ. ಇವನ್ನೆಲ್ಲ ಸರಿಮಾಡಲು ಆ ಎರಡು ಗಂಟೆ ಬೇಕೇ ಬೇಕು.

ತಂಬೂರ ಹಿಡಿದು ಎರಡೂವರೆ ಗಂಟೆ ಕದಲದೆ ಕುಳಿತ ವಿದ್ಯಾರ್ಥಿಗಳೇ, ನಿಮಗೆ ಚಪ್ಪಾಳೆ ಸಾಲದೆ ಹೋಯಿತು. ಪಂಚಮ (ಪ), ಎರಡು ಷಡ್ಜ (ಸ), ಕೆಳಗಿನ ಮಂದ್ರ ಷಡ್ಜ: ಈ ನಾಲ್ಕು ತಂತಿಯನ್ನು ಒಂದೇ ನಡೆಯಲ್ಲಿ ಮೀಟುವುದು ಸುಲಭದ ಕೆಲಸವಲ್ಲ. ತಂತಿಗಳನ್ನು ಹೊರುವ ಪಟ್ಟಿ, ಅಂದರೆ ಕುದುರೆ, ಅದರ ಮೇಲೆ ತಂತಿಯಡಿ ಇಡುವ ಜೀವಾಳದ ನೂಲು ಒಂದಿಷ್ಟು ಸರಿದರೂ ನಾದದ ಜೀವ ಹೋಗುತ್ತದೆ. ಪೆಟ್ಟಿಗೆಯ ಶ್ರುತಿಯೂ ಮೊಬೈಲಿನ ಶ್ರುತಿಯೂ ಅನುಕೂಲವೇ. ಆದರೆ ನಾಲ್ಕು ತಂತಿಯೂ ಕೂಡಿ ಯಾರೂ ಮೀಟದ ಗಾಂಧಾರ ಸ್ವರ ತಾನಾಗಿ ಕೇಳಿಸುವ ಆ ಗಳಿಗೆ ನಿಜವಾದ ತಂಬೂರದ ಹತ್ತಿರ ಕುಳಿತವರಿಗೇ ಗೊತ್ತು.

ಧ್ವನಿವರ್ಧಕದವರಿಗೆ ಎಷ್ಟು ಹೇಳಿದರೂ ಕಡಿಮೆ. ಶೀಟಿನ ಮಾಡಿಗೆ ಮಳೆ ಅಪ್ಪಳಿಸಿದಾಗ ಧ್ವನಿ ಏರಿಸಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಏರಿಸಿದರೆ ಮೈಕು ಕೂಗುತ್ತದೆ. ಇವರು ಏರಿಸಲಿಲ್ಲ, ಹಿಂದಿನ ಸಾಲಿನವರ ಹತ್ತಿರಕ್ಕೆ ಇನ್ನೆರಡು ಸ್ಪೀಕರ್ ಇಟ್ಟರು. ದೀಪಕ್ಕೂ ಮೈಕಿಗೂ ಬೇರೆ ಬೇರೆ ಲೈನ್ ಎಳೆದಿದ್ದರಿಂದ ಗುಂಯ್ ಎನ್ನುವ ಸದ್ದೂ ಇರಲಿಲ್ಲ.

ಜೀರಿಗೆ ಕಷಾಯ ಕಾಯಿಸಿಕೊಟ್ಟ ಅಡುಗೆಮನೆಯ ಅಕ್ಕಂದಿರೇ, ಪ್ರತಿ ಸಂಜೆ ಒಂದು ಹಿಡಿ ಸಣ್ಣ ರವೆ ಕೊಟ್ಟದ್ದೂ ನೀವೇ. ನೀರಲ್ಲಿ ಕಲಸಿ ಮೃದಂಗದ ಎಡ ಮುಚ್ಚಿಗೆಗೆ ಅಂಟಿಸಿದ ಆ ರವೆಯಿಂದಲೇ ಗುಮ್ಕಿ ಎಂಬ ತಗ್ಗಿನ, ಜಾರುವ ನಾದ ಹುಟ್ಟುವುದು. ನೀರು ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ತಾಳವಾದ್ಯ ಮಾತ್ರ ನುಡಿಯುವ ತನಿ ಆವರ್ತನದ ಹೊತ್ತಿಗೆ ಒಣಗಿ ಉದುರುತ್ತದೆ. ಕಛೇರಿ ಮುಗಿದು ಎಲ್ಲರೂ ಕೊಡೆ ಹುಡುಕುತ್ತಿದ್ದಾಗ, ಜಿರಳೆ ಬಾರದಂತೆ, ಬೂಸಲು ಹಿಡಿಯದಂತೆ ಆ ರವೆಯನ್ನು ಕೆರೆದು, ಮುಚ್ಚಿಗೆ ಒರೆಸಿ ಆರಿಸಿ, ಮೃದಂಗವನ್ನು ಚೀಲಕ್ಕೆ ಹಾಕಿ ಮಳೆಯಲ್ಲಿ ಕಾರಿನವರೆಗೆ ಹೊತ್ತ ಹುಡುಗರೇ, ನಿಮಗೂ ತುಂಬು ಮನಸ್ಸಿನ ನಮಸ್ಕಾರ.