ಎಂಟು ಹಾಕಲು ಬಂದರಷ್ಟೇ ಸಾಲದು, ನಿಲ್ಲಿಸಲೂ ಬರಬೇಕು

ಸಂಪಾದಕರಿಗೆ,

ಮಾನ್ಯರೇ,

ದ್ವಿಚಕ್ರ ವಾಹನದ ಚಾಲನಾ ಪರವಾನಗಿಗಾಗಿ ನಡೆಯುವ ಪರೀಕ್ಷೆಯು, ನಾನು ಕಂಡಂತೆ ಹಲವು ಕಡೆಗಳಲ್ಲಿ, ಕಾಲು ನೆಲಕ್ಕೆ ಊರದೆ ಎಂಟು ಹಾಕಿ, ಅಂದರೆ 8ರ ಆಕಾರದಲ್ಲಿ ವಾಹನ ಓಡಿಸಿ, ತೋರಿಸುವಲ್ಲಿಗೆ ಮುಗಿದುಹೋಗುತ್ತದೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕಿಯಾಗಿ, ಪ್ರತಿ ವರ್ಷ ಹದಿನೆಂಟು ತುಂಬುವ ವಿದ್ಯಾರ್ಥಿಗಳು ಕಲಿಕಾ ಪರವಾನಗಿ, ಅಂದರೆ ಎಲ್‌ಎಲ್‌ಆರ್ ಮಾಡಿಸಿ, ಚಾಲನಾ ಪರವಾನಗಿ (ಡಿಎಲ್) ಪಡೆದು, ಮರುದಿನವೇ ಹೆದ್ದಾರಿಗೆ ಇಳಿಯುವುದನ್ನು ನೋಡುತ್ತಿರುವುದರಿಂದ ಈ ಪತ್ರ ಬರೆಯಬೇಕೆನಿಸಿತು.

ಎಂಟು ಹಾಕುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ನಿಧಾನಗತಿಯಲ್ಲಿ ಸಮತೋಲನ ಕಾಯ್ದುಕೊಳ್ಳುವುದು ನಿಜಕ್ಕೂ ಬೇಕಾದ ಕೌಶಲವೇ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮವನ್ನು ತೆರೆದು ಓದಿದರೆ, ಅಭ್ಯರ್ಥಿಯಿಂದ ನಿರೀಕ್ಷಿಸುವ ಸಾಮರ್ಥ್ಯಗಳ ಪಟ್ಟಿ ಬಹಳ ದೊಡ್ಡದಿದೆ. ಹಿಂಬದಿಯನ್ನು ತೋರಿಸುವ ಕನ್ನಡಿಯನ್ನು ಸರಿಪಡಿಸಿಕೊಳ್ಳುವುದು, ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ಸುರಕ್ಷಿತವಾಗಿ ಹಿಂದಿಕ್ಕುವುದು, ಎಡ-ಬಲ ತಿರುವುಗಳನ್ನು ಸರಿಯಾಗಿ ತೆಗೆದುಕೊಳ್ಳುವುದು, ತುರ್ತು ಸಂದರ್ಭದಲ್ಲಿ ವಾಹನವನ್ನು ನಿಲ್ಲಿಸುವುದು ಎಲ್ಲವೂ ಅದರಲ್ಲಿವೆ. ಹೊಸ ಕಾನೂನನ್ನೇನೂ ತರಬೇಕಾಗಿಲ್ಲ. ಇರುವ ನಿಯಮ ಹೇಳುವುದನ್ನೇ ದ್ವಿಚಕ್ರ ವಾಹನಕ್ಕೆ ಹೊಂದುವಂತೆ ಮಾಡಿಸಿ ನೋಡಿದರೆ ಸಾಕು.

ಇವುಗಳಲ್ಲಿ ತುರ್ತಾಗಿ ನಿಲ್ಲಿಸುವ ಒಂದನ್ನಾದರೂ ತಪ್ಪದೆ ಪರೀಕ್ಷಿಸಬೇಕು ಎಂಬುದು ನನ್ನ ಆಗ್ರಹ. ಬ್ರೇಕ್ ಹಾಕಿದಾಗ ವಾಹನದ ಮತ್ತು ಸವಾರನ ಭಾರ ಮುಂದಿನ ಚಕ್ರದತ್ತ ವಾಲುವುದರಿಂದ, ಒಣ ರಸ್ತೆಯಲ್ಲಿ ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನಿಂದಲೇ ಬರುತ್ತದೆ. ಆದರೂ ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಭಯವನ್ನೇ ಹಿರಿಯರಿಂದ ಕಲಿತ ಹುಡುಗರು, ಹಿಂದಿನ ಬ್ರೇಕನ್ನಷ್ಟೇ ತುಳಿದು, ನಿಲ್ಲಬೇಕಾದ ಜಾಗವನ್ನು ದಾಟಿ ಹೋಗುತ್ತಾರೆ. ಇಲ್ಲವೇ ಗಾಬರಿಯಲ್ಲಿ ಮುಂದಿನದನ್ನು ಒಮ್ಮೆಲೇ ಬಿಗಿಹಿಡಿದು ಬೀಳುತ್ತಾರೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಎರಡೂ ಬ್ರೇಕುಗಳು ಒಟ್ಟಿಗೆ ಕೆಲಸ ಮಾಡುವ ಸಿಬಿಎಸ್ ಕಡ್ಡಾಯವಾಗಿದೆ ನಿಜ. ಆದರೆ ಹಳ್ಳಿಗಳಲ್ಲಿ ಅಪ್ಪನ ಹಳೆಯ ಬೈಕೇ ಮಗನ ಕೈಗೆ ಬರುತ್ತದೆ. ಸುಗ್ಗಿಯ ದಿನಗಳಲ್ಲಿ ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿದ ಹುರುಳಿ, ರಾಗಿಯ ಮೇಲೆ ಬ್ರೇಕ್ ಹಾಕಬಾರದು, ಅಲ್ಲಿಗೆ ತಲುಪುವ ಮೊದಲೇ ವೇಗ ತಗ್ಗಿಸಿಕೊಳ್ಳಬೇಕು ಎಂಬ ತಿಳಿವಳಿಕೆ ಮೈದಾನದ ಎಂಟಿನಿಂದ ಬರುವುದಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44ಕ್ಕಿಂತ ಹೆಚ್ಚಿನವರು ದ್ವಿಚಕ್ರ ವಾಹನದಲ್ಲಿದ್ದವರು. ಎಲ್ಲ ಸಾವಿಗೂ ತರಬೇತಿಯ ಕೊರತೆಯೇ ಕಾರಣವೆನ್ನಲಾಗದು. ಗುಂಡಿ, ಅವೈಜ್ಞಾನಿಕ ಉಬ್ಬು, ಕಳಪೆ ಹೆಲ್ಮೆಟ್, ಎದುರಿನವರ ಅಜಾಗರೂಕತೆ ಎಲ್ಲವೂ ಸೇರಿರುತ್ತವೆ. ಆದರೆ ಇಷ್ಟೊಂದು ಜೀವಗಳಿಗೆ ಸಂಬಂಧಿಸಿದ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಮೂವತ್ತರೊಳಗೆ ಪಡೆದ ಪರವಾನಗಿ ನಲವತ್ತು ತುಂಬುವವರೆಗೆ ಚಾಲ್ತಿಯಲ್ಲಿರುತ್ತದೆ. ಅಂದರೆ ಹದಿನೆಂಟಕ್ಕೆ ಎಂಟು ಹಾಕಿ ತೇರ್ಗಡೆಯಾದ ಹುಡುಗನನ್ನು ಮುಂದಿನ 22 ವರ್ಷ ನವೀಕರಣಕ್ಕೂ ಯಾರೂ ಕರೆಯುವುದಿಲ್ಲ.

ಕಲಿಕಾ ಪರವಾನಗಿಯ ಅವಧಿಯೂ ಹೀಗೇ ಪೋಲಾಗುತ್ತಿದೆ. ಆಧಾರ್ ಇದ್ದರೆ ಈಗ ಮನೆಯಲ್ಲೇ ಕುಳಿತು ‘ಸಾರಥಿ’ ಜಾಲತಾಣದ ಮೂಲಕ ಎಲ್‌ಎಲ್‌ಆರ್ ಪಡೆಯಬಹುದು. ಮಧ್ಯವರ್ತಿಗಳ ಕಾಟ ತಪ್ಪಿಸುವ ಈ ಸೌಲಭ್ಯ ಸ್ವಾಗತಾರ್ಹ. ಅದರ ಅವಧಿ ಆರು ತಿಂಗಳು, ಮತ್ತು ಕನಿಷ್ಠ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಆ ಮೂವತ್ತು ದಿನ ಕಲಿಯಲೆಂದೇ ಇಟ್ಟದ್ದು. ಆದರೆ ಕಲಿಸುವವರು ಯಾರು? ಕಲಿಯುವವರ ಜೊತೆಯಲ್ಲಿ ಪರವಾನಗಿ ಇರುವ ಬೋಧಕರು, ವಾಹನವನ್ನು ನಿಯಂತ್ರಿಸಬಲ್ಲ ಅಥವಾ ನಿಲ್ಲಿಸಬಲ್ಲ ಜಾಗದಲ್ಲಿ ಕುಳಿತಿರಬೇಕೆಂದು ನಿಯಮ ಹೇಳುತ್ತದೆ. ಕಾರಿನಲ್ಲಿ ಅದು ಸಾಧ್ಯ. ಬೈಕಿನ ಹಿಂದಿನ ಸೀಟಿನಿಂದ ಬ್ರೇಕ್ ಹಾಕುವುದು ಯಾರಿಗೂ ಸಾಧ್ಯವಿಲ್ಲ. ಹೀಗಾಗಿ ಕೆಂಪು ‘ಎಲ್’ ಫಲಕ ಅಂಟಿಸಿಕೊಂಡು ಒಬ್ಬರೇ ಓಡಿಸುವುದು, ಇಲ್ಲವೇ ಗೆಳೆಯರನ್ನು ಕೂರಿಸಿಕೊಂಡು ಹೋಗುವುದು ನಡೆದುಬಂದಿದೆ. ತಾಲ್ಲೂಕು ಕೇಂದ್ರಗಳ ಚಾಲನಾ ತರಬೇತಿ ಶಾಲೆಗಳಲ್ಲೂ ಕಾರು ಕಲಿಸುವಷ್ಟು ಕಾಳಜಿಯಿಂದ ಬೈಕು ಕಲಿಸುವುದನ್ನು ನಾನು ಕಂಡಿಲ್ಲ.

ಪೋಷಕರಲ್ಲಿ ಒಂದು ಮಾತು. ಹದಿನಾರು ತುಂಬಿದವರು 50 ಸಿಸಿ ಮೀರದ ವಾಹನ ಓಡಿಸಬಹುದೆಂದು ಕಾಯ್ದೆಯಲ್ಲಿರುವುದನ್ನು ಹಿಡಿದು, ಮಕ್ಕಳ ಕೈಗೆ 110 ಸಿಸಿ ಸ್ಕೂಟರ್ ಕೊಡುವಂತಿಲ್ಲ. ಆ ವಿನಾಯಿತಿಗೂ ಪರವಾನಗಿ ಬೇಕು. ಅಪ್ರಾಪ್ತರು ಸಿಕ್ಕಿಬಿದ್ದರೆ 199ಎ ಕಲಮಿನಡಿ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಜೈಲು ಆಗಬಹುದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಪರವಾನಗಿ ಇಲ್ಲದವರು ಅಪಘಾತ ಮಾಡಿದರೆ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ವಾಹನದ ಮಾಲೀಕರಿಂದಲೇ ವಸೂಲು ಮಾಡಲು ಅವಕಾಶವಿದೆ. ಹೊಲ ಮಾರಿ ಕಟ್ಟಬೇಕಾದೀತು.

ಸಾರಿಗೆ ಇಲಾಖೆಯು ಪದವಿ ಮತ್ತು ಪದವಿಪೂರ್ವ ಕಾಲೇಜುಗಳ ಮೈದಾನಗಳನ್ನು ರಜಾ ದಿನಗಳಲ್ಲಿ ಬಳಸಿಕೊಂಡು, ಎಲ್‌ಎಲ್‌ಆರ್ ಪಡೆದವರಿಗೆ ಎರಡು ದಿನಗಳ ಸವಾರಿ ತರಬೇತಿ ನೀಡಬಹುದು. ಸುಣ್ಣದ ಗೆರೆ, ನಾಲ್ಕು ಕೋನು, ನುರಿತ ಒಬ್ಬ ಬೋಧಕರು, ತಲೆಗೆ ಐಎಸ್‌ಐ ಗುರುತಿನ ಹೆಲ್ಮೆಟ್ ಇದ್ದರೆ ತುರ್ತು ಬ್ರೇಕ್ ಕಲಿಸಬಹುದು. ಅನಂತರ ಪರೀಕ್ಷೆಯ ದಿನ ಎಂಟಿನ ಜೊತೆಗೆ, ಗೊತ್ತುಪಡಿಸಿದ ವೇಗದಿಂದ ಗೆರೆಯೊಳಗೆ ನಿಲ್ಲಿಸುವುದನ್ನೂ, ಕನ್ನಡಿ ನೋಡಿ ಸಂಕೇತ ಕೊಟ್ಟು ಬಲಕ್ಕೆ ತಿರುಗುವುದನ್ನೂ ಮಾಡಿಸಿ ನೋಡಲಿ. ಇದರಿಂದ ನಪಾಸಾಗುವವರು ಹೆಚ್ಚಾಗುತ್ತಾರೆಂಬ ಆಕ್ಷೇಪ ಬರಬಹುದು. ನಪಾಸಾದವರು ಏಳು ದಿನಗಳ ನಂತರ ಮತ್ತೆ ಪರೀಕ್ಷೆಗೆ ಬರಲು ಕಾಯ್ದೆಯಲ್ಲೇ ಅವಕಾಶವಿದೆ. ಆ ಒಂದು ವಾರವನ್ನು ಅಭ್ಯಾಸಕ್ಕೆ ಬಳಸಿಕೊಳ್ಳಬಹುದು. ಮೊದಲ ಹಂತದಲ್ಲಿ ಜಿಲ್ಲೆಗೊಂದು ಕಾಲೇಜಿನಲ್ಲಾದರೂ ಇದನ್ನು ಬರುವ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬೇಕೆಂದು ಸಾರಿಗೆ ಇಲಾಖೆಯನ್ನೂ ಪದವಿಪೂರ್ವ ಶಿಕ್ಷಣ ಇಲಾಖೆಯನ್ನೂ ಕೋರುತ್ತೇನೆ.

ಇತಿ,
ಪದವಿಪೂರ್ವ ಕಾಲೇಜು ಉಪನ್ಯಾಸಕಿ, ತುಮಕೂರು ಜಿಲ್ಲೆ